ಹೆಬ್ಬೆಟ್ಟು, ಮೌಸು ಮತ್ತು ನಾನು

ನವೆಂಬರ್ ಬಂತೆಂದರೆ ನಿಮ್ಮೆಲ್ಲರಿಗೂ ರಾಜ್ಯೋತ್ಸವದ ಸಡಗರ. ಹಳದಿ-ಕೆಂಪು ಬಾವುಟ, ಮಕ್ಕಳ ಫ್ಯಾನ್ಸಿ ಡ್ರೆಸ್ಸು, ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಬಿಸಿಬೇಳೆ ಬಾತು. ನಮ್ಮ ಮನೆಯಲ್ಲಿ ಮಾತ್ರ ನವೆಂಬರ್ ಎಂದರೆ, ನಮ್ಮ ಯಜಮಾನರು ಇನ್ನೂ ಬದುಕಿದ್ದಾರೆ ಎಂದು ಕಾಗದದ ಮೇಲೆ ರುಜುವಾತು ಮಾಡಿಕೊಡುವ ತಿಂಗಳು. ಊರಿನಿಂದ ಪೆನ್ಷನ್ ಬರುವವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ನಾನು ಹೇಳುತ್ತಿರುವುದು ಏನೆಂದು ಈಗಾಗಲೇ ಗೊತ್ತಾಗಿರುತ್ತದೆ. ಲೈಫ್ ಸರ್ಟಿಫಿಕೇಟ್! ವರ್ಷಕ್ಕೊಮ್ಮೆ ಅದು ಬ್ಯಾಂಕಿಗೆ ತಲುಪದಿದ್ದರೆ ಪೆನ್ಷನ್ ನಿಲ್ಲುತ್ತದೆ. ಮನುಷ್ಯ ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದರೂ ಲೆಕ್ಕದ ಪುಸ್ತಕದಲ್ಲಿ ಆತ ಇಲ್ಲ.

ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಫೋನ್ ಮಾಡಿದಾಗ ಒಂದು ಷರತ್ತನ್ನೂ ಹಾಕಿದರು. "ಆಂಟಿ, ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸಬೇಡಿ. ಟೈಪ್ ಮಾಡೋಕೆ ನಮಗೆ ಪುರುಸೊತ್ತಿಲ್ಲ. ಯೂನಿಕೋಡ್‌ನಲ್ಲೇ ಕೊಡಿ." ಆಗಲಿ ಎಂದೆ. ಫೋನ್ ಇಟ್ಟ ಮೇಲೆ ನನಗೇ ನಗು ಬಂತು. ಕೆಲವು ವರ್ಷಗಳ ಹಿಂದೆ ಇದೇ ಮಾತು ಕೇಳಿದ್ದರೆ ‘ಯಾರಪ್ಪ ಈ ಯೂನಿಕೋಡ್?’ ಎನ್ನುತ್ತಿದ್ದೆ. ಅದು ಹೇಗೆ ಬದಲಾಯಿತು ಎಂಬುದನ್ನೇ ಬರೆಯುತ್ತೇನೆ. ಇದು ಜಾಣತನದ ಕಥೆಯಲ್ಲ, ಒಂದು ತಪ್ಪಿನ ಕಥೆ. ಸರಿಯಾಗಿ ಲೆಕ್ಕ ಹಾಕಿದರೆ ಎರಡು ತಪ್ಪುಗಳ ಕಥೆ.

ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದವರು. 1975ರಲ್ಲಿ ಗುಮಾಸ್ತರಾಗಿ ಸೇರಿ, ಮಲೆನಾಡಿನ ಊರೂರು ಸುತ್ತಿ, 2011ರಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದರು. ಎರಡು ವರ್ಷದ ನಂತರ ಮಗಳು ನಮ್ಮನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡಳು. ಕೈಯಲ್ಲಿ ಲೆಡ್ಜರ್ ಬರೆದು ಬೆಳೆದವರು, ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ಸಹೋದ್ಯೋಗಿಗಳ ಜೊತೆ ಸೇರಿ ಗೊಣಗಿದವರು, ಆಮೇಲೆ ಹಟ ಹಿಡಿದು ಅದನ್ನೂ ಕಲಿತವರು. ಹಾಗಾಗಿ ಇಲ್ಲಿಗೆ ಬಂದ ಮೇಲೂ ಕರೆಂಟು ಬಿಲ್ಲು, ಊರಿನ ಬ್ಯಾಂಕು, ವಿಮಾನದ ಟಿಕೆಟ್ಟು, ಡಾಕ್ಟರ ಅಪಾಯಿಂಟ್‌ಮೆಂಟು ಎಲ್ಲವೂ ಅವರ ಖಾತೆ. ಅಡಿಗೆಮನೆ ನನ್ನದು, ಕಂಪ್ಯೂಟರ್ ಅವರದು. ಯಾರೂ ಯಾರ ಗಡಿಯನ್ನೂ ದಾಟುತ್ತಿರಲಿಲ್ಲ. ನನ್ನ ಹತ್ತಿರ ಫೋನಿತ್ತು, ವಾಟ್ಸಾಪಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಹೂವಿನ ಚಿತ್ರ ಕಳಿಸುವಷ್ಟು ಪಾಂಡಿತ್ಯವೂ ಇತ್ತು.

2021ರ ಮಾರ್ಚಿನಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಜೀವಕ್ಕೆ ಅಪಾಯವಾಗಲಿಲ್ಲ, ಅದೇ ದೇವರ ದಯೆ. ಆದರೆ ಬಲಗೈ ಬಿದ್ದುಹೋಯಿತು, ಜೊತೆಗೆ ಮಾತೂ ಹೋಯಿತು. ಹೇಳಿದ್ದು ಅರ್ಥವಾಗುತ್ತದೆ, ಕಣ್ಣಲ್ಲಿ ಉತ್ತರವೂ ಇರುತ್ತದೆ, ಬಾಯಿಗೆ ಬರುವುದಿಲ್ಲ. "ಸರಿ" ಎಂಬ ಒಂದೇ ಮಾತು ಉಳಿದುಕೊಂಡಿದೆ. ಹೌದು ಎನ್ನುವುದಕ್ಕೂ ಸರಿ, ಬೇಡ ಎನ್ನುವುದಕ್ಕೂ ಸರಿ. ದನಿಯ ಏರಿಳಿತದಲ್ಲಿ ನಾವೇ ತಿಳಿದುಕೊಳ್ಳಬೇಕು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಗೊತ್ತಾಯಿತು, ಅವರ ಮಾತಿನ ಜೊತೆ ನಮ್ಮ ಮನೆಯ ಬೀಗದ ಕೈಗಳೂ ಹೋಗಿವೆ ಎಂದು. ಪಾಸ್‌ವರ್ಡುಗಳು! ಅವರ ಹಳೆಯ ಡೈರಿ ಸಿಕ್ಕಿತು. ಅದರಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದರು, ಆದರೆ ಕನ್ನಡ ಲಿಪಿಯಲ್ಲಿ. ಕಳ್ಳನ ಕೈಗೆ ಸಿಕ್ಕರೂ ಓದಲಾರ ಎಂಬ ಧೈರ್ಯ ಇರಬೇಕು. ಕೆಲಸ ಮಾಡಿದ ಬ್ರಾಂಚುಗಳ ಹೆಸರು, ಪಕ್ಕದಲ್ಲಿ ಆ ಊರಿಗೆ ವರ್ಗವಾದ ಇಸವಿ. ‘ಶಿರಾಳಕೊಪ್ಪ 78’ ಎಂದು ದುಂಡಗೆ ಬರೆದಿದೆ. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಕುಟ್ಟುವುದು? ಮೊದಲಿಗೆ ಎಸ್ ಮಾತ್ರವೋ, ಎಸ್ ಎಚ್ಚೋ? ‘ರಾ’ಕ್ಕೆ ಒಂದು ಎ-ನೋ ಎರಡೋ? ‘ಳ’ಕ್ಕೆ ದೊಡ್ಡ ಎಲ್ಲೋ ಚಿಕ್ಕದೋ? ನಾನೂ ಮಗಳೂ ಮೂರು ಸಲ ಮೂರು ಥರ ಹಾಕಿದೆವು. ಖಾತೆಗೆ ಬೀಗ ಬಿತ್ತು. ಕೊನೆಗೆ ಇಂಗ್ಲಿಷ್ ವರ್ಣಮಾಲೆಯನ್ನು ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಅವರ ಮುಂದಿಟ್ಟೆ. ಎಡಗೈ ಬೆರಳಿನಿಂದ ಒಂದೊಂದಾಗಿ ತೋರಿಸಿದರು. ಒಂದು ಊರಿನ ಹೆಸರು ಮುಗಿಯಲು ಅರ್ಧ ಗಂಟೆ ಹಿಡಿಯಿತು. (ಅವೆಲ್ಲ ಈಗ ಬದಲಾಗಿವೆ, ಯಾರೂ ಪ್ರಯತ್ನ ಮಾಡಬೇಡಿ!)

ಹೀಗೆ ನವೆಂಬರ್ ಬಂತು. ಲೈಫ್ ಸರ್ಟಿಫಿಕೇಟ್ ಮೇಲೆ ಸಹಿ ಮಾಡಬೇಕು, ಮಾಡುವ ಕೈ ಏಳುತ್ತಿಲ್ಲ. ಮನೆಗೇ ಬರುವ ನೋಟರಿಯೊಬ್ಬರನ್ನು ಮಗಳು ಗೊತ್ತು ಮಾಡಿದಳು. ಸಹಿ ಮಾಡಲಾಗದವರು ಗುರುತು ಹಾಕಿದರೆ ಇಲ್ಲಿಯ ಕಾನೂನಿನಂತೆ ಇಬ್ಬರು ಸಾಕ್ಷಿಗಳು ಬೇಕು. ಪಕ್ಕದ ಮನೆಯ ಗಂಡ-ಹೆಂಡತಿ ಬಂದು ನಿಂತರು. ಇಂಕಿನ ಪ್ಯಾಡು ತೆರೆದು ಅವರ ಎಡಗೈ ಹೆಬ್ಬೆರಳನ್ನು ಒತ್ತಿಸಿದೆವು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂತು ಎಷ್ಟು ರೈತರ, ಎಷ್ಟು ಮುದುಕಿಯರ ಹೆಬ್ಬೆಟ್ಟನ್ನು ಇವರು ಕೈ ಹಿಡಿದು ಒತ್ತಿಸಿದ್ದರೋ. ಆವತ್ತು ತಮ್ಮ ಹೆಬ್ಬೆಟ್ಟಿನ ಗುರುತನ್ನು ತುಂಬಾ ಹೊತ್ತು ನೋಡಿ, ಮುಖ ಆ ಕಡೆ ತಿರುಗಿಸಿ, "ಸರಿ" ಎಂದರು.

ಮಗಳು ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟು, "ರಾತ್ರಿ ಆಫೀಸು ಮುಗಿಸಿ ಕಳಿಸ್ತೀನಮ್ಮ" ಎಂದು ಹೋದಳು. ರಾತ್ರಿವರೆಗೆ ಯಾಕೆ, ಇಷ್ಟಾದರೂ ನಾನು ಮಾಡಬಾರದೇ ಎನಿಸಿತು. ಬ್ಯಾಂಕಿಗೆ ಇಮೇಲ್ ಬರೆದೆ. ‘ಇದರೊಂದಿಗೆ ಸರ್ಟಿಫಿಕೇಟನ್ನು ಲಗತ್ತಿಸಿದ್ದೇನೆ’ ಎಂದು ನೀಟಾಗಿ ಒಕ್ಕಣೆ ಹಾಕಿ ಕಳಿಸಿಬಿಟ್ಟೆ. ‘ಕಳಿಸಲಾಗಿದೆ’ ಎಂದು ಬಂತು. ಸಂಜೆ ಮಗಳಿಗೆ ಹೆಮ್ಮೆಯಿಂದ ಹೇಳಿದೆ, ಅವಳಿಗೂ ಒಂದು ಕೆಲಸ ಕಡಿಮೆಯಾಯಿತು.

ಲಗತ್ತಿಸಿದ್ದೇನೆ ಎಂದು ಬರೆದೆನೇ ಹೊರತು ಲಗತ್ತಿಸಿರಲಿಲ್ಲ. ಬರೆದರೆ ಸಾಕು, ತಾನೇ ಹೋಗಿ ಅಂಟಿಕೊಳ್ಳುತ್ತದೆ ಎಂದುಕೊಂಡಿದ್ದೆನೋ ಏನೋ.

ಗೊತ್ತಾಗಿದ್ದು ಮುಂದಿನ ಫೆಬ್ರವರಿಯಲ್ಲಿ. ನಮ್ಮ ಮನೆಯವರ ಅಕ್ಕ ಸಾಗರದಲ್ಲಿದ್ದಾರೆ, ಗಂಡ ಹೋಗಿ ಬಹಳ ವರ್ಷವಾಯಿತು. ಪೆನ್ಷನ್ ಖಾತೆಯಿಂದ ತಿಂಗಳಿಗೆ ಇಷ್ಟು ಎಂದು ಅವರಿಗೆ ತಾನಾಗಿಯೇ ಹೋಗುವಂತೆ ಇವರು ಏರ್ಪಾಟು ಮಾಡಿಟ್ಟಿದ್ದರು. ಆ ಅಕ್ಕ ಫೋನ್ ಮಾಡಿ, ಮಳೆ ಬೆಳೆ ಎಲ್ಲ ಮಾತಾಡಿ, ಕೊನೆಗೆ ಸಂಕೋಚದಿಂದ, "ಏನಿಲ್ಲ ಕಣೆ, ಎರಡು ತಿಂಗಳಿಂದ ದುಡ್ಡು ಬಂದಿಲ್ಲ. ದುಡ್ಡಿನ ವಿಷಯ ಹಾಗಿರಲಿ, ತಮ್ಮ ಚೆನ್ನಾಗಿದ್ದಾನೆ ತಾನೆ?" ಎಂದರು. ನನ್ನ ಎದೆ ಧಸಕ್ಕೆಂದಿತು. ಮಾತ್ರೆಗೆ ದುಡ್ಡಿಲ್ಲದೆ ಆಕೆ ಅಕ್ಕಪಕ್ಕದವರಲ್ಲಿ ಸಾಲ ಮಾಡಿದ್ದರು.

ಮಗಳು ಕೂತು ಇನ್‌ಬಾಕ್ಸ್ ಹುಡುಕಿದಳು. ಬ್ಯಾಂಕಿನವರ ತಪ್ಪೇನೂ ಇರಲಿಲ್ಲ. ನನ್ನ ಮೇಲ್ ತಲುಪಿದ ಮಾರನೆಯ ದಿನವೇ ‘ಲಗತ್ತು ಇಲ್ಲ, ಮತ್ತೆ ಕಳಿಸಿ’ ಎಂದು ಉತ್ತರ ಬರೆದಿದ್ದರು. ಅದು ಸೀರೆ ಸೇಲು, ವಿಮಾದ ಜಾಹೀರಾತುಗಳ ರಾಶಿಯಲ್ಲಿ ಮುಚ್ಚಿಹೋಗಿತ್ತು. ಇರಲಿ, ಈಗಲೇ ಕಳಿಸೋಣ ಎಂದು ನಾನು ಮೌಸ್ ಹಿಡಿದು ಆ ಫೈಲ್ ಎಲ್ಲಿದೆ ಎಂದು ತಡಕಾಡತೊಡಗಿದೆ. ಎರಡು ನಿಮಿಷ ನೋಡಿದಳು. ಆಮೇಲೆ, "ಅಯ್ಯೋ ಬಿಡಮ್ಮ, ಇಲ್ಲಿ ಕೊಡು. ಎಷ್ಟು ಸಲ ಹೇಳ್ಕೊಡ್ಬೇಕು ನಿಂಗೆ?" ಎಂದು ಮೌಸನ್ನು ನನ್ನ ಕೈಯಿಂದ ಕಿತ್ತುಕೊಂಡಳು.

ಅವಳದೇನೂ ತಪ್ಪಿಲ್ಲ. ಹೊರಗೆ ಆಫೀಸು, ಒಳಗೆ ಕಾಯಿಲೆಯ ಅಪ್ಪ, ಹತ್ತು ವರ್ಷದ ಮಗ. ಎಲ್ಲಿಂದ ತಾಳ್ಮೆ ತರುತ್ತಾಳೆ? ಆದರೆ ಆ ಮಾತು ಕೇಳಿದ ಕೂಡಲೇ ನನಗೆ ಅಳು ಬಂದಿದ್ದು ಮಗಳ ಮೇಲಿನ ಕೋಪಕ್ಕಲ್ಲ. ಅದೇ ಮಾತನ್ನು ನಾನು ಹಿಂದೆ ಒಬ್ಬರಿಗೆ ಅಂದಿದ್ದೆ.

1974ರ ಬೇಸಿಗೆ. ನಾನು ಶಿವಮೊಗ್ಗದಲ್ಲಿ ಪಿಯುಸಿ ಮುಗಿಸಿ, ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿ, ಇಂಗ್ಲಿಷ್ ಜೂನಿಯರ್ ಪಾಸು ಮಾಡಿ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಹೋಗಿದ್ದೆ. ತಲೆ ಸ್ವಲ್ಪ ಮೇಲೇ ಇತ್ತೆನ್ನಿ. ಅಣ್ಣ ಬೊಂಬಾಯಿಯ ಹೋಟೆಲಿನಲ್ಲಿದ್ದ, ಅಮ್ಮನ ಹೆಸರಿಗೆ ಮನಿಯಾರ್ಡರ್ ಕಳಿಸುತ್ತಿದ್ದ. ಪ್ರತಿ ಸಲ ಪೋಸ್ಟ್‌ಮ್ಯಾನ್ ಜಗಲಿಯ ಮೇಲೆ ಕೂತು ಇಂಕಿನ ಡಬ್ಬಿ ತೆಗೆಯುವುದು, ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಹೆಬ್ಬೆಟ್ಟು ಒತ್ತುವುದು. ಆ ಸಲ ಅಮ್ಮ, "ನನ್ನ ಹೆಸರು ಬರೆಯಕ್ಕೆ ಹೇಳಿಕೊಡೇ ಹುಡುಗಿ. ಆ ಮಸಿ ಎರಡು ದಿನ ಹೋಗಲ್ಲ, ಊಟ ಮಾಡಕ್ಕೆ ಒಂಥರಾ ಆಗುತ್ತೆ" ಎಂದಳು. ಸ್ಲೇಟಿನಲ್ಲಿ ಬರೆದುಕೊಟ್ಟೆ. ಅವಳ ಹೆಸರಿನ ನಡುವೆ ‘ಕ್ಷ್ಮ’ ಬರುತ್ತದೆ. ಒಂದರ ಕೆಳಗೊಂದು ಎರಡು ಒತ್ತು, ಕಲಿತವರಿಗೇ ಕಷ್ಟ. ಒಲೆ ಮುಂದೆ ಕೂತು ಇದ್ದಿಲಿನಲ್ಲಿ ತಿದ್ದಿದಳು. ದೋಸೆ ಹಿಟ್ಟಿನ ಮೇಲೂ ಬೆರಳಾಡಿಸಿ ತಿದ್ದಿದ್ದನ್ನು ನೋಡಿದ್ದೆ.

ಮನಿಯಾರ್ಡರ್ ಬಂದ ದಿನ ಅಮ್ಮ ಧೈರ್ಯ ಮಾಡಿ ಪೆನ್ನು ಕೇಳಿದಳು. ಒಂದಕ್ಷರ ಆಯಿತು. ಎರಡನೆಯದಕ್ಕೆ ಬಂದು, ಒತ್ತು ಎಲ್ಲಿ ಕೊಡುವುದೆಂದು ತಿಳಿಯದೆ ನಿಂತಳು. ಪೋಸ್ಟ್‌ಮ್ಯಾನ್ ಸೈಕಲ್ಲಿನ ಕಡೆ ನೋಡಿದ. ನನಗೆ ಅವಮಾನವಾದಂತಾಯಿತು. "ಎಷ್ಟು ಸಲ ಹೇಳ್ಕೊಡ್ಬೇಕಮ್ಮ ನಿಂಗೆ? ಬಿಡು, ಹೆಬ್ಬೆಟ್ಟೇ ಒತ್ತು, ಅವರಿಗೆ ಹೊತ್ತಾಯ್ತು" ಎಂದು ಪೆನ್ನು ಕಿತ್ತುಕೊಂಡೆ. ಅಮ್ಮ ಏನೂ ಅನ್ನಲಿಲ್ಲ. ಒತ್ತಿದಳು. ಸಂಜೆ ಸ್ಲೇಟನ್ನು ತೊಳೆದು ಅಟ್ಟದ ಮೇಲಿಟ್ಟಳು. ಮತ್ತೆ ಬದುಕಿರುವವರೆಗೆ ಹೇಳಿಕೊಡು ಎಂದು ಕೇಳಲಿಲ್ಲ, ನಾನಾಗಿ ಹೇಳಿಕೊಡಲೂ ಇಲ್ಲ.

ನಾನು ಹೇಳಿದ ಎರಡು ತಪ್ಪುಗಳಲ್ಲಿ ದೊಡ್ಡದು ಇದು. ಲಗತ್ತು ಮರೆತಿದ್ದನ್ನು ಮತ್ತೆ ಕಳಿಸಿ ಸರಿಪಡಿಸಿದೆವು. ಸರ್ಟಿಫಿಕೇಟ್ ತಲುಪಿದ ಮೇಲೆ ಬಾಕಿಯ ಪೆನ್ಷನ್ನೂ ಬಂತು, ಅಕ್ಕನಿಗೆ ದುಡ್ಡೂ ಹೋಯಿತು. ಇದನ್ನು ಯಾರಿಗೆ ಕಳಿಸಲಿ?

ಆ ರಾತ್ರಿಯೇ ತೀರ್ಮಾನ ಮಾಡಿದೆ, ನಾನು ಕಲಿಯಬೇಕು. ಮಗಳಿಂದಲ್ಲ, ಮೊಮ್ಮಗನಿಂದಲೂ ಅಲ್ಲ. ಅವನು ಕಲಿಸುವ ರೀತಿ ಎಂದರೆ, "ಸಿಂಪಲ್ ಅಜ್ಜಿ, ನೋಡು" ಎಂದು ಐದು ಕಡೆ ಪಟಪಟ ಒತ್ತಿ ಓಡಿಹೋಗುವುದು. ನೋಡುವುದರೊಳಗೆ ಮುಗಿದಿರುತ್ತದೆ. ನನಗೆ ಬೇಕಾದದ್ದು ಶಾಲೆ.

ನಮ್ಮ ಊರಿನ ಲೈಬ್ರರಿಯ ಮಹಿಳೆಯೊಬ್ಬರು ಕಮ್ಯುನಿಟಿ ಕಾಲೇಜಿನ ದಾರಿ ತೋರಿಸಿದರು. ನಮ್ಮಲ್ಲಿ ಎಷ್ಟೋ ಜನ ಇದನ್ನು ಹೈಸ್ಕೂಲು ಮುಗಿಸಿದ ಹುಡುಗರ ಕಾಲೇಜು ಎಂದುಕೊಂಡಿದ್ದೇವೆ. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥ ಸಾರ್ವಜನಿಕ ಕಾಲೇಜುಗಳು 116 ಇವೆ. ಹದಿನೆಂಟು ತುಂಬಿದ ಯಾರಿಗಾದರೂ ಬಾಗಿಲು ತೆರೆದಿರುತ್ತದೆ, ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಈ ರಾಜ್ಯದ ನಿವಾಸಿಗಳಿಗೆ 2012ರಿಂದ ಒಂದು ಯೂನಿಟ್ಟಿಗೆ 46 ಡಾಲರ್ ಶುಲ್ಕ. ಕಂಪ್ಯೂಟರಿನ ಮೊದಲ ಪಾಠದ ಕೋರ್ಸಿಗೆ ಮೂರು ಯೂನಿಟ್, ಅಂದರೆ 138 ಡಾಲರ್, ಅದರ ಮೇಲೆ ಚಿಲ್ಲರೆ ಶುಲ್ಕಗಳು. ಪೂರ್ತಿ ಆನ್‌ಲೈನ್. ನನಗೆ ಅದೇ ಬೇಕಿತ್ತು, ಏಕೆಂದರೆ ಇವರನ್ನು ಬಿಟ್ಟು ಎರಡು ಗಂಟೆ ಹೊರಗೆ ಹೋಗುವಂತಿರಲಿಲ್ಲ. ಪಾಠ ಇಂಥ ಹೊತ್ತಿಗೇ ಕೇಳಬೇಕೆಂದಿಲ್ಲ. ಇವರು ಮಧ್ಯಾಹ್ನ ಮಲಗಿದಾಗ ನಾನು ಕಾಲೇಜಿಗೆ ಹೋಗಬಹುದು, ಅಡಿಗೆಮನೆಯ ಮೇಜಿನ ಮೇಲೇ.

ತಮಾಷೆ ಏನೆಂದರೆ, ಕಂಪ್ಯೂಟರ್ ಕಲಿಯುವ ಕೋರ್ಸಿಗೆ ಸೇರಬೇಕಾದರೆ ಮೊದಲು ಕಂಪ್ಯೂಟರ್ ಬರಬೇಕು! ಈಜು ಬರುವವರೆಗೆ ನೀರಿಗೆ ಇಳಿಯಬೇಡ ಎಂದ ಹಾಗೆ. ಅರ್ಜಿ, ವಿದ್ಯಾರ್ಥಿ ನಂಬರು, ಹೊಸ ಇಮೇಲು, ಹೊಸ ಪಾಸ್‌ವರ್ಡು, ಅದು ನಾನೇ ಎಂದು ಫೋನಿಗೆ ಬರುವ ಸಂಖ್ಯೆ. ಲೈಬ್ರರಿಯ ಆ ತಾಯಿ ಪಕ್ಕದಲ್ಲಿ ಕೂತರು. ಮೂರು ಮಧ್ಯಾಹ್ನ ಹಿಡಿಯಿತು. ಒಮ್ಮೆಯೂ ಮೌಸ್ ಮುಟ್ಟಲಿಲ್ಲ. ಬೆರಳಿನಿಂದ ತೋರಿಸಿ ಸುಮ್ಮನೆ ಕಾಯುತ್ತಿದ್ದರು. ಕಾಯುವುದೂ ಕಲಿಸುವುದರ ಒಂದು ಭಾಗ ಎಂದು ನನಗೆ ಗೊತ್ತಾಗಿದ್ದು ಅಲ್ಲಿ.

2022ರ ಆಗಸ್ಟ್ ಕೊನೆಗೆ ಕ್ಲಾಸು ಶುರುವಾಯಿತು. ಮೊದಲ ವಾರ ಪ್ರತಿಯೊಬ್ಬರೂ ತಮ್ಮ ಪರಿಚಯ ಬರೆದು, ಇನ್ನಿಬ್ಬರ ಪರಿಚಯಕ್ಕೆ ಉತ್ತರ ಬರೆಯಬೇಕು. ನಾನು ಅಳುಕುತ್ತಾ, ‘ನನಗೆ 66 ವರ್ಷ, ತರಗತಿಗೆ ನಾನೇ ಅಜ್ಜಿ ಇರಬೇಕು’ ಎಂದು ಬರೆದೆ. ಒಬ್ಬರು ನಿವೃತ್ತ ಬಸ್ ಡ್ರೈವರ್ ಉತ್ತರಿಸಿದರು, ಅವರಿಗೆ 71. ಇನ್ನೊಬ್ಬಳು ಎರಡು ಮಕ್ಕಳ ತಾಯಿ, ಮೆಕ್ಸಿಕೋದವಳು, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಬಿಟ್ಟು ಆಫೀಸಿನ ಕೆಲಸಕ್ಕೆ ಸೇರಬೇಕೆಂಬ ಆಸೆ. ಯಾರ ಮುಖವನ್ನೂ ನೋಡಲಿಲ್ಲ, ಆದರೆ ಭಾನುವಾರ ರಾತ್ರಿ 11 ಗಂಟೆ 59 ನಿಮಿಷದ ಗಡುವಿಗೆ ನಾವೆಲ್ಲ ಒಟ್ಟಿಗೇ ಬೆವರುತ್ತಿದ್ದೆವು.

ಮೊದಲ ಆಶ್ಚರ್ಯ ನನ್ನ ಬೆರಳುಗಳೇ ಕೊಟ್ಟವು. ಟೈಪಿಂಗ್ ಪರೀಕ್ಷೆ ಇಟ್ಟರು. ಕೀಬೋರ್ಡಿನ ಮೇಲೆ ಕೈ ಇಟ್ಟೆ ನೋಡಿ, ನಲವತ್ತೆಂಟು ವರ್ಷದ ಹಿಂದಿನ ಎ-ಎಸ್-ಡಿ-ಎಫ್ ತಾನಾಗಿ ಬಂತು! ತಲೆ ಮರೆತಿದ್ದನ್ನು ಬೆರಳು ಮರೆತಿರಲಿಲ್ಲ. ಸಾಲು ಮುಗಿಯುವ ಹೊತ್ತಿಗೆ ಗಂಟೆ ಬಡಿಯಲಿಲ್ಲವಲ್ಲ ಎಂದು ಎಡಗೈ ಮಾತ್ರ ಗಾಡಿ ತಳ್ಳಲು ಎರಡು ಸಲ ಗಾಳಿಯಲ್ಲಿ ಎದ್ದಿತು. ನಿಧಾನವಾಗಿ ಗೊತ್ತಾಯಿತು, ಕಂಪ್ಯೂಟರ್ ಅಷ್ಟೇನೂ ಅಪರಿಚಿತವಲ್ಲ, ನಮ್ಮ ಟೈಪ್‌ರೈಟರಿನ ಮರಿಮಗಳು. ಕೀಲಿಗಳ ಜೋಡಣೆ 1870ರ ದಶಕದ ಟೈಪ್‌ರೈಟರಿನಿಂದ ಬಂದದ್ದು. ಶಿಫ್ಟ್ ಎಂದರೆ ಮೆಷಿನ್ನಿನೊಳಗಿನ ಭಾಗ ನಿಜವಾಗಿಯೂ ಜಾಗ ಬದಲಿಸುತ್ತಿದ್ದ ಕಾಲದ ಹೆಸರು. ರಿಟರ್ನ್ ಎಂದರೆ ಗಾಡಿ ಹಿಂದಕ್ಕೆ ಬರುವುದು. ಇಮೇಲಿನ ‘ಸಿಸಿ’ ಎಂದರೆ ನಾವು ನೀಲಿ ಹಾಳೆ ಇಟ್ಟು ತೆಗೆಯುತ್ತಿದ್ದ ಕಾರ್ಬನ್ ಕಾಪಿ! ಇದನ್ನು ಓದಿದ ದಿನ ಮೊಮ್ಮಗನನ್ನು ಕರೆದು, ಸಿಸಿ ಎಂದರೇನು ಹೇಳು ನೋಡೋಣ ಎಂದೆ. ಅವನಿಗೆ ಗೊತ್ತಿರಲಿಲ್ಲ. ಆ ಸಂತೋಷದಲ್ಲಿ ರಾತ್ರಿ ಪಾಯಸ ಮಾಡಿದೆ.

ಕಷ್ಟವಾಗಿದ್ದು ಫೈಲು ಮತ್ತು ಫೋಲ್ಡರು. ಒಂದು ವಸ್ತುವನ್ನು ಇಟ್ಟ ಜಾಗ ಕಣ್ಣಿಗೆ ಕಾಣದಿದ್ದರೆ ಅದು ಇದೆ ಎಂದು ನಂಬುವುದು ಹೇಗೆ? ಎರಡು ಅಸೈನ್‌ಮೆಂಟು ಕಳೆದುಕೊಂಡೆ. ಕೊನೆಗೆ ಇದು ನಮ್ಮ ಅಡಿಗೆಮನೆಯ ಹಾಗೇ ಎಂದು ನಾನೇ ಹೊಂದಿಸಿಕೊಂಡೆ. ಕಂಪ್ಯೂಟರ್ ಎಂದರೆ ಕಪಾಟು, ಫೋಲ್ಡರ್ ಎಂದರೆ ಡಬ್ಬ, ಡಬ್ಬದೊಳಗೆ ಇನ್ನೊಂದು ಸಣ್ಣ ಡಬ್ಬ ಇರಬಹುದು, ಫೈಲ್ ಎಂದರೆ ಅದರೊಳಗಿನ ಜೀರಿಗೆ. ಚೀಟಿ ಅಂಟಿಸದೆ ಡಬ್ಬ ಮುಚ್ಚಿದರೆ ಧನಿಯಾ ಪುಡಿ ಯಾವುದು, ಸಾರಿನ ಪುಡಿ ಯಾವುದು? ಅಂದಿನಿಂದ ಪ್ರತಿ ಫೈಲಿಗೂ ಹೆಸರು, ತಾರೀಖು. ಇಮೇಲಿನಲ್ಲಿ ಮಾತ್ರ ಒಂದು ಅಭ್ಯಾಸ ಮಾಡಿಕೊಂಡೆ. ಮೊದಲು ಲಗತ್ತು, ಆಮೇಲೆ ಒಕ್ಕಣೆ, ಎಲ್ಲಕ್ಕಿಂತ ಕೊನೆಗೆ ವಿಳಾಸ. ವಿಳಾಸವೇ ಇಲ್ಲದಿದ್ದರೆ ಅವಸರದಲ್ಲಿ ಕಳಿಸಿಬಿಡುವ ಭಯವಿಲ್ಲ.

ಅಕ್ಟೋಬರಿನಲ್ಲಿ ಸ್ಪ್ರೆಡ್‌ಶೀಟ್ ಬಂತು. ಒಂದು ತಿಂಗಳ ಮನೆಖರ್ಚನ್ನು ಹಾಕಿ, ಮೊತ್ತವನ್ನು ಕಂಪ್ಯೂಟರಿನಿಂದಲೇ ಕೂಡಿಸಬೇಕು. ಹಾಲು, ತರಕಾರಿ, ಔಷಧಿ ಎಂದು ಹನ್ನೊಂದು ಸಾಲು ತುಂಬಿಸಿ, ಸೂತ್ರ ಬರೆದು ಒತ್ತಿದೆ. ಮೊತ್ತ ಬಂತು. ಇವರು ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಎಡಗೈಯಿಂದ ಮೇಜನ್ನು ಟಪ್ ಟಪ್ ಎಂದು ಬಡಿದರು. "ಏನ್ರೀ, ನೀರು ಬೇಕಾ?" ಎಂದೆ. "ಸರಿ!" ಎಂದರು ಸಿಟ್ಟಿನಿಂದ. ಅಂದರೆ ಅಲ್ಲ. ಪರದೆಯ ಮೇಲೆ ಬೆರಳಿಟ್ಟು ಮೊತ್ತವನ್ನು ತೋರಿಸಿದರು. ಆಮೇಲೆ ಕೊನೆಯ ಸಾಲನ್ನು ತೋರಿಸಿದರು. ನೋಡುತ್ತೇನೆ, ಸೂತ್ರದಲ್ಲಿ ನಾನು ಬಿ2ರಿಂದ ಬಿ11 ಎಂದು ಹಾಕಿದ್ದೆ. ಹನ್ನೊಂದು ಸಾಲೆಂದರೆ ಬಿ12ರವರೆಗೆ ಬರಬೇಕು, ಏಕೆಂದರೆ ಮೊದಲ ಸಾಲು ತಲೆಬರಹ. ಔಷಧಿಯ ಲೆಕ್ಕ ಬಿಟ್ಟುಹೋಗಿತ್ತು. ಮನಸ್ಸಿನಲ್ಲೇ ಹನ್ನೊಂದೂ ಸಾಲನ್ನು ಕೂಡಿ ತಪ್ಪನ್ನು ಹಿಡಿದಿದ್ದರು!

ತಿದ್ದಿದೆ. ಸಂಖ್ಯೆ ಬದಲಾಯಿತು. ಅವರು ಕುರ್ಚಿಗೆ ಒರಗಿ, "ಸರಿ" ಎಂದರು. ದಿನದ ಲೆಕ್ಕ ಟ್ಯಾಲಿಯಾದಾಗ ಬ್ಯಾಂಕಿನಿಂದ ಮನೆಗೆ ಬಂದು ಅನ್ನುತ್ತಿದ್ದ ಅದೇ ದನಿ. ಒಂದೂವರೆ ವರ್ಷದಲ್ಲಿ ಮೊದಲ ಸಲ ಅವರು ನನಗೆ ರೋಗಿಯಂತೆ ಕಾಣಲಿಲ್ಲ. ಅಂದಿನಿಂದ ಅವರೇ ನನ್ನ ಆಡಿಟರ್. ಮನೆಯ ಲೆಕ್ಕವನ್ನು ನಾನು ಕುಟ್ಟುತ್ತೇನೆ, ಅವರು ನೋಡಿ ಪಾಸು ಮಾಡುತ್ತಾರೆ. ಅವರ ಕೆಲಸವನ್ನು ನಾನು ಕಿತ್ತುಕೊಂಡೆನೇನೋ ಎಂಬ ಅಳುಕು ನನ್ನೊಳಗೆ ಇತ್ತು, ಅದು ಅವತ್ತು ಹೋಯಿತು.

ಇನ್ನೊಂದು ಪಾಠದ ವಿಷಯ ಹೇಳಲೇಬೇಕು. ಕಂಪ್ಯೂಟರ್ ಅಕ್ಷರಗಳನ್ನು ಹೇಗೆ ನೆನಪಿಡುತ್ತದೆ ಎಂಬ ಪಾಠ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಹಾಗಾದರೆ ಕನ್ನಡಕ್ಕೆ? ಪುಸ್ತಕದಲ್ಲಿರಲಿಲ್ಲ, ಮೇಷ್ಟ್ರಿಗೆ ಬರೆದು ಕೇಳಿದೆ. ಅವರು ಹುಡುಕುವ ದಾರಿ ತೋರಿಸಿ, ನೀವೇ ಕಂಡುಹಿಡಿದು ನನಗೂ ಹೇಳಿ ಎಂದು ಬರೆದರು. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗ ಕೊಟ್ಟಿದ್ದರಂತೆ. ಈಗ ಎಲ್ಲ ಕಡೆ ನಡೆಯುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಚಿಹ್ನೆಗೂ ಮೂರು ಬೈಟ್. ಒತ್ತಕ್ಷರವನ್ನು ಅದು ಬಿಡಿಬಿಡಿಯಾಗಿ ಇಟ್ಟುಕೊಳ್ಳುತ್ತದೆ, ತೋರಿಸುವಾಗ ಕೂಡಿಸುತ್ತದೆ.

ಕನ್ನಡ ಕುಟ್ಟುವುದನ್ನೂ ಆಗಲೇ ಕಲಿತೆ. ನಮ್ಮ ಕೂಟದ ಹಳಬರು 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’ದ ಗುಣಗಾನ ಮಾಡುತ್ತಾರೆ. ನಾನು ಹಿಡಿದದ್ದು ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಒತ್ತು ಬೇಕಾದಲ್ಲಿ ನಡುವೆ ಎಫ್ ಒತ್ತಿದರೆ ಅಕ್ಷರಗಳು ಕೂಡಿಕೊಳ್ಳುತ್ತವೆ. ಒಂದು ಮಧ್ಯಾಹ್ನ ಇವರು ಮಲಗಿದ್ದರು, ಮನೆ ಸದ್ದಿಲ್ಲದೆ ಇತ್ತು. ಅಮ್ಮನ ಹೆಸರು ಕುಟ್ಟಿ ನೋಡಿದೆ. ‘ಕ’, ಎಫ್, ‘ಷ’, ಎಫ್, ‘ಮ’. ಐದು ಸಲ ಬೆರಳಿಟ್ಟರೆ, ಹದಿನೈದು ಬೈಟ್. ಅಮ್ಮ ಇದ್ದಿಲಿನಲ್ಲಿ ತಿದ್ದಿ ತಿದ್ದಿ ಸೋತ ‘ಕ್ಷ್ಮ’ ಪರದೆಯ ಮೇಲೆ ಅಚ್ಚುಕಟ್ಟಾಗಿ ಬಂದು ಕೂತಿತು. ಎಷ್ಟು ಸರಳ, ಯಾರಾದರೂ ಪಕ್ಕದಲ್ಲಿ ಸುಮ್ಮನೆ ಕಾದಿದ್ದರೆ. ಮೂಗು ಒರೆಸಿಕೊಂಡು, ಆ ಫೈಲಿಗೂ ಹೆಸರು ಕೊಟ್ಟು ಡಬ್ಬಕ್ಕೆ ಹಾಕಿದೆ.

2022ರ ನವೆಂಬರ್ ಬಂತು, ಕೋರ್ಸು ಇನ್ನೂ ನಡೆಯುತ್ತಿತ್ತು. ಅದೇ ನೋಟರಿ, ಅದೇ ಪಕ್ಕದ ಮನೆಯವರು, ಅದೇ ಪ್ಯಾಡು. ಇವರ ಹೆಬ್ಬೆಟ್ಟನ್ನು ನಾನೇ ಹಿಡಿದು ಒತ್ತಿಸಿ, ಕೂಡಲೇ ಕೊಬ್ಬರಿ ಎಣ್ಣೆ ಹಚ್ಚಿ ಮಸಿ ಒರೆಸಿದೆ. ಮಸಿ ಇದ್ದರೆ ಊಟ ಮಾಡಲು ಒಂಥರಾ ಆಗುತ್ತದೆ ಎಂದು ಅಮ್ಮ ಹೇಳಿದ್ದು ನೆನಪಿತ್ತು. ಆಮೇಲೆ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿ, "ನೋಡ್ತಾ ಇರು, ಮುಟ್ಟಬೇಡ" ಎಂದೆ. ಪಾಪ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತಳು. ಒಂದೆರಡು ಕಡೆ ನಾನು ತಡವರಿಸಿದಾಗ ಅವಳ ಭುಜ ಮುಂದೆ ಬರುವುದು, ಮತ್ತೆ ಹಿಂದೆ ಹೋಗುವುದು ಕಾಣುತ್ತಿತ್ತು. ಸ್ಕ್ಯಾನ್, ಹೆಸರು, ಫೋಲ್ಡರ್, ಲಗತ್ತು, ಒಕ್ಕಣೆ, ವಿಳಾಸ, ಸಿಸಿ ಮಗಳಿಗೆ. ಹನ್ನೆರಡು ನಿಮಿಷ. ಅವಳು ಮಾಡಿದ್ದರೆ ಒಂದು ನಿಮಿಷ. ಎರಡು ದಿನದಲ್ಲಿ ‘ತಲುಪಿದೆ’ ಎಂದು ಬ್ಯಾಂಕಿನ ಉತ್ತರ ಬಂತು, ಆ ಉತ್ತರವನ್ನು ಜಾಹೀರಾತಿನ ರಾಶಿಯಲ್ಲಿ ಹುಡುಕಿ ತೆಗೆದವಳೂ ನಾನೇ.

ಅವತ್ತು ರಾತ್ರಿ ಮಗಳಿಗೆ ನನ್ನ ಅಮ್ಮನ ಸ್ಲೇಟಿನ ಕಥೆ ಹೇಳಿದೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅವಳು ತುಂಬಾ ಹೊತ್ತು ಸುಮ್ಮನಿದ್ದು, "ಸಾರಿ ಅಮ್ಮ" ಎಂದಳು. ನನಗೆ ಹೇಳಿದಳೋ, ಅಜ್ಜಿಗೆ ಹೇಳಿದಳೋ ಗೊತ್ತಾಗಲಿಲ್ಲ. ನಾನೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಕೋರ್ಸು ಮುಗಿದು ಫಲಿತಾಂಶ ಬಂತು. ಬಿ ಗ್ರೇಡು. ಕಳೆದುಹೋದ ಎರಡು ಅಸೈನ್‌ಮೆಂಟು ಸಿಕ್ಕಿದ್ದರೆ ಎ ಬರುತ್ತಿತ್ತು ಎಂದು ಈಗಲೂ ಹೇಳಿಕೊಂಡು ತಿರುಗುತ್ತೇನೆ, ಮನೆಯಲ್ಲಿ ಯಾರೂ ನಂಬುವುದಿಲ್ಲ.

ಇದನ್ನು ಓದುವ ನಿಮ್ಮಲ್ಲಿ ಬಹಳ ಮಂದಿ ಕಂಪ್ಯೂಟರಿನಿಂದಲೇ ಅನ್ನ ಉಣ್ಣುವವರು. ನಿಮಗೆ ನಾನು ಅದರ ವಿಷಯ ಹೇಳುವುದೇನೂ ಇಲ್ಲ. ಒಂದೇ ಕೋರಿಕೆ. ಊರಿನಿಂದ ಅಪ್ಪ ಅಮ್ಮ ಬರುತ್ತಾರೆ, ಅತ್ತೆ ಮಾವ ಬರುತ್ತಾರೆ. ಏನನ್ನಾದರೂ ಹೇಳಿಕೊಡು ಎಂದು ಕೇಳುತ್ತಾರೆ. ಕೇಳುವುದಕ್ಕೆ ಅವರು ಎಷ್ಟು ದಿನ ಹಿಂದೆ ಮುಂದೆ ನೋಡಿರುತ್ತಾರೋ ನಿಮಗೆ ಗೊತ್ತಿಲ್ಲ. ತಡವಾದರೂ ಆಗಲಿ, ಮೌಸನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ಹನ್ನೊಂದು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಮತ್ತೆ ನನ್ನ ವಾರಗೆಯ ಹೆಂಗಸರಿಗೆ ಒಂದು ಮಾತು. ಯಜಮಾನರು ಗಟ್ಟಿಮುಟ್ಟಾಗಿ ಇರುವಾಗಲೇ ಆ ಪಾಸ್‌ವರ್ಡಿನ ಡೈರಿಯನ್ನು ಒಮ್ಮೆ ಇಬ್ಬರೂ ಕೂತು ಓದಿ. ಶಿರಾಳಕೊಪ್ಪಕ್ಕೆ ಎಷ್ಟು ಎ ಎಂದು ಕೇಳಿಟ್ಟುಕೊಳ್ಳಿ.

ನನ್ನ ಕಂಪ್ಯೂಟರಿನಲ್ಲಿ ‘ಇದ್ದಾರೆ’ ಎಂದು ಹೆಸರಿಟ್ಟ ಒಂದು ಫೋಲ್ಡರ್ ಇದೆ. ಅದರಲ್ಲಿ ವರ್ಷಕ್ಕೊಂದರಂತೆ ಫೈಲುಗಳು. 2022, 2023, 2024. ಈ ನವೆಂಬರಿಗೂ ನೋಟರಿಗೆ ಹೇಳಿಯಾಗಿದೆ, ಪಕ್ಕದ ಮನೆಯವರಿಗೂ ಹೇಳಿಯಾಗಿದೆ. ಪ್ಯಾಡಿನ ಇಂಕು ಒಣಗಿದೆಯೇ ಎಂದು ನಿನ್ನೆ ನೋಡಿಟ್ಟೆ. ಆ ಡಬ್ಬ ಇನ್ನೂ ಬಹಳ ವರ್ಷ ತುಂಬುತ್ತಲೇ ಇರಲಿ.